ನವತಪದ ಕೋಣೆಯಲ್ಲಿ ಇನ್ನೂರು ವಾಟ್

ಪುತ್ತೂರು ಕಡೆಯ ನಮ್ಮ ಮನೆಯಲ್ಲಿ ಬೇಸಿಗೆಗೆ ಇರುವುದು ಒಂದೇ ಮಾತು, ಸೆಕೆ. ಅಂಗಿಯನ್ನು ಬೆನ್ನಿಗೆ ಅಂಟಿಸುವ, ಮಧ್ಯಾಹ್ನ ಉಂಡವರನ್ನು ಚಾವಡಿಯ ತಣ್ಣನೆ ನೆಲಕ್ಕೆ ಎಳೆದು ಮಲಗಿಸುವ ಒದ್ದೆ ಬಿಸಿ ಅದು. ನಾಗಪುರಕ್ಕೆ ಇಂಜಿನಿಯರಿಂಗ್ ಓದಲು ಹೋದ ಅಕ್ಕನ ಮಗ ಅಲ್ಲಿನ ಮೊದಲ ಮೇ ತಿಂಗಳಲ್ಲಿ ಫೋನ್ ಮಾಡಿ, “ಮಾವ, ಇಲ್ಲಿ ಸೆಕೆಯೇ ಇಲ್ಲ, ಬೆಂಕಿ ಉಂಟು” ಎಂದಿದ್ದ. ಬೆವರು ಬಂದದ್ದೇ ಗೊತ್ತಾಗದ ಹಾಗೆ ಆರಿಹೋಗುತ್ತದೆ, ಒಗೆದ ಬಟ್ಟೆ ಅರ್ಧ ಗಂಟೆಗೆ ಹಪ್ಪಳವಾಗುತ್ತದೆ ಎಂದು ಬೆರಗಿನಿಂದ ಹೇಳಿದ್ದ. ಮರುವರ್ಷದ ಮೇ ತಿಂಗಳಲ್ಲಿ ಬಂದ ಫೋನಿನಲ್ಲಿ ಬೆರಗು ಇರಲಿಲ್ಲ, ಗಾಬರಿ ಇತ್ತು. “ನನ್ನ ಲ್ಯಾಪ್‌ಟಾಪ್ ಸಾಯ್ತಾ ಉಂಟು ಅಂತ ಕಾಣ್ತದೆ ಮಾವ. ಫ್ಯಾನು ಮಿಕ್ಸಿ ಹಾಗೆ ಕೂಗ್ತದೆ. ಆಟ ಹತ್ತು ನಿಮಿಷ ಚೆನ್ನಾಗಿ ಓಡ್ತದೆ, ಆಮೇಲೆ ತಡವರಿಸ್ತದೆ. ಕೀಲಿ ಮುಟ್ಟಿದರೆ ಬೆರಳು ಚುರ್ ಅಂತದೆ.”

ಆ ಲ್ಯಾಪ್‌ಟಾಪನ್ನು ಅಕ್ಕ ಕಂತಿನಲ್ಲಿ ಕೊಡಿಸಿದ್ದು. ಆಟಕ್ಕೆಂದೇ ಕೊಡಿಸಿದ್ದಲ್ಲ. ಮೆಕ್ಯಾನಿಕಲ್ ಓದುವ ಹುಡುಗರಿಗೆ ಮೂರು ಆಯಾಮದ ವಿನ್ಯಾಸಗಳನ್ನು ತಿರುಗಿಸಿ ನೋಡಲು, ಸಿಮ್ಯುಲೇಶನ್ ಓಡಿಸಲು ಬಲವಾದ ಗ್ರಾಫಿಕ್ಸ್ ಚಿಪ್ ಬೇಕು. ಅಷ್ಟು ಬಲವಿರುವ ಯಂತ್ರ ಅವರ ಕೈಗೆಟಕುವ ಬೆಲೆಗೆ ಸಿಗುವುದು ಗೇಮಿಂಗ್ ಲ್ಯಾಪ್‌ಟಾಪ್ ಎಂಬ ಹೆಸರಿನಲ್ಲೇ. ಹಗಲು ಪಾಠ, ರಾತ್ರಿ ಆಟ. ಹೀಗೆ ದೇಶದ ಎಷ್ಟು ಹಾಸ್ಟೆಲುಗಳಲ್ಲಿ, ಎಷ್ಟು ಬಾಡಿಗೆ ರೂಮುಗಳಲ್ಲಿ ಈ ಯಂತ್ರಗಳು ಉರಿಯುತ್ತಿವೆಯೋ. ಅದೇ ಮೇ ಕೊನೆಯ ವಾರ ನನಗೆ ನಾಗಪುರದಲ್ಲಿ ಬೇರೆ ಕೆಲಸವಿತ್ತು. ಹೋದವನು ಅವನ ರೂಮಿನಲ್ಲೇ ಮೂರು ದಿನ ಉಳಿದೆ. ಅಲ್ಲಿ ನಾವಿಬ್ಬರೂ ಕೂತು ಕಂಡುಕೊಂಡದ್ದನ್ನು ಬರೆಯುತ್ತಿದ್ದೇನೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬಿಸಿಲಿನಲ್ಲಿ ಇಂಥದೇ ಯಂತ್ರದ ಮುಂದೆ ಕೂತ ಮಕ್ಕಳಿರುವ ಮನೆಗಳಿಗೂ ಇದು ಬೇಕಾದ ಸಂಗತಿ.

ಅವನು ಓದುವ ಸಂಸ್ಥೆಯ ಹೆಸರಲ್ಲೇ ನಮ್ಮವರೊಬ್ಬರಿದ್ದಾರೆ. 1960ರಲ್ಲಿ ನಾಗಪುರದಲ್ಲಿ ಶುರುವಾದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿಗೆ ಮುಂದೆ, 1962ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ತೀರಿಕೊಂಡ ಮೇಲೆ, ಅವರ ಹೆಸರಿಟ್ಟರು. ಇಂದು ಅದು ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ. ಅದರ ಸಮೀಪದ ಬಜಾಜ್ ನಗರದಲ್ಲಿ, ಮೂರನೇ ಮಹಡಿಯಲ್ಲಿ, ನೇರ ತಾರಸಿಯ ಕೆಳಗೆ ಹುಡುಗನ ರೂಮು. ಬೇಸಿಗೆ ರಜೆಯಲ್ಲೂ ಪ್ರಾಜೆಕ್ಟಿಗೆಂದು ಉಳಿದುಕೊಂಡಿದ್ದ.

ನಾನು ಹೋದದ್ದು ಸೂರ್ಯ ರೋಹಿಣಿ ನಕ್ಷತ್ರಕ್ಕೆ ಕಾಲಿಟ್ಟ ಹೊತ್ತು, ಅಂದರೆ ಮೇ 25ರ ಆಸುಪಾಸು. ರೋಹಿಣಿ ಎಂದರೆ ಕನ್ನಡದ ರೈತನಿಗೆ ಮಳೆಯ ಹೆಸರು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುವ ಮಾತು ಬಯಲುಸೀಮೆಯಲ್ಲಿದೆ. ವಿದರ್ಭದಲ್ಲಿ ಅದೇ ನಕ್ಷತ್ರದ ಮೊದಲ ಒಂಬತ್ತು ದಿನ ‘ನವತಪ’, ವರ್ಷದ ಅತಿ ಉರಿಯ ದಿನಗಳು. ನಾಗಪುರದಲ್ಲಿ ಹವಾಮಾನ ಇಲಾಖೆ ದಾಖಲಿಸಿದ ಅತಿ ಹೆಚ್ಚಿನ ತಾಪಮಾನ 47.9 ಡಿಗ್ರಿ, 2013ರ ಮೇ 23ರಂದು. ಹೋಲಿಕೆಗೆ ಹೇಳುವುದಾದರೆ ಬೆಂಗಳೂರು ನಗರ 2016ರ ಏಪ್ರಿಲ್‌ನಲ್ಲಿ ಕಂಡ 39.2 ಡಿಗ್ರಿಗೇ ನಾವು ಬೆಂದುಹೋದೆವು ಎಂದು ಪತ್ರಿಕೆಗಳ ತುಂಬ ಬರೆದಿದ್ದೆವು. ಮೇ ತಿಂಗಳ ಮಧ್ಯಾಹ್ನ ನಾಗಪುರದ ರಸ್ತೆಗಳು ಖಾಲಿ. ಸ್ಕೂಟರಿನಲ್ಲಿ ಹೋಗುವವರು ಕಣ್ಣು ಬಿಟ್ಟು ಮುಖ ತಲೆಯೆಲ್ಲ ಬಟ್ಟೆ ಸುತ್ತಿಕೊಂಡಿರುತ್ತಾರೆ.

ರೂಮಿಗೆ ಹೋದ ಕೂಡಲೇ ಹುಡುಗ ಲ್ಯಾಪ್‌ಟಾಪ್ ತೆರೆಯಲು ಹೊರಟ. ತಡಿ, ಮೊದಲು ಅಳೆಯೋಣ ಅಂದೆ. ಅಳೆಯುವ ವಿಷಯದಲ್ಲಿ ನಾಗಪುರವೇ ಒಂದು ಪಾಠ ಕಲಿತಿದೆ. 2024ರ ಮೇ 30ರಂದು ಅಲ್ಲಿನ ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರ 56 ಡಿಗ್ರಿ ತೋರಿಸಿತು. ದೇಶವೆಲ್ಲ ಬೆಚ್ಚಿತು. ಅದೇ ಊರಿನ ಬೇರೆ ಕೇಂದ್ರಗಳು 44ರ ಆಸುಪಾಸಿನಲ್ಲಿದ್ದವು. ಆ ಸಂವೇದಕವೇ ಕೆಟ್ಟಿತ್ತೆಂದು ಹವಾಮಾನ ಇಲಾಖೆ ಸ್ಪಷ್ಟಪಡಿಸಿತು. ಒಂದೇ ಅಂಕಿಯನ್ನು ನಂಬಬಾರದು, ಪಕ್ಕದ ಅಂಕಿಯ ಜೊತೆ ಇಟ್ಟು ನೋಡಬೇಕು. ನಾವೂ ಎರಡು ಅಂಕಿ ತೆಗೆದುಕೊಂಡೆವು. ಮೇಜಿನ ಮೇಲೆ ಒಂದು ಸಾದಾ ಥರ್ಮಾಮೀಟರ್ ಇಟ್ಟೆವು. ಲ್ಯಾಪ್‌ಟಾಪಿನೊಳಗಿನ ಸಂವೇದಕಗಳನ್ನು ಓದಿ ತೋರಿಸುವ ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿದೆವು. ಸಂಜೆ ನಾಲ್ಕಕ್ಕೆ ರೂಮಿನ ಗಾಳಿ 39 ಡಿಗ್ರಿ. ಆಟ ಶುರುವಾಗಿ ಎಂಟು ನಿಮಿಷಕ್ಕೆ ಪ್ರೊಸೆಸರ್ 100 ಡಿಗ್ರಿ ಮುಟ್ಟಿತು, ಅಲ್ಲಿಂದ ಮೇಲೆ ಹೋಗಲಿಲ್ಲ. ಹೋಗಲಿಲ್ಲ ಎನ್ನುವುದರಲ್ಲೇ ವಿಷಯ ಇರುವುದು.

ಲ್ಯಾಪ್‌ಟಾಪಿನ ಫ್ಯಾನು ತಂಪನ್ನು ಹುಟ್ಟಿಸುವುದಿಲ್ಲ. ಫ್ರಿಜ್ಜಿನ ಹಾಗೆ ಶಾಖವನ್ನು ಎತ್ತಿ ಹೊರಗೆ ಹಾಕುವ ಯಂತ್ರ ಅದರೊಳಗಿಲ್ಲ. ಚಿಪ್ಪಿನ ಕಾವನ್ನು ಕೋಣೆಯ ಗಾಳಿಗೆ ದಾಟಿಸುವುದಷ್ಟೇ ಅದರ ಕೆಲಸ. ದಾಟಬೇಕಾದರೆ ಗಾಳಿಗಿಂತ ಚಿಪ್ಪು ಬಿಸಿಯಾಗಿರಬೇಕು, ಹೆಚ್ಚು ಕಾವು ದಾಟಿಸಬೇಕಾದರೆ ಹೆಚ್ಚು ಅಂತರ ಬೇಕು. ಒಂದು ಆಟ ಓಡುವಾಗ ಈ ಅಂತರ 60 ಡಿಗ್ರಿ ಇರುತ್ತದೆ ಎಂದಿಟ್ಟುಕೊಳ್ಳಿ. ಕೋಣೆ 25 ಇದ್ದಾಗ ಚಿಪ್ಪು 85ರಲ್ಲಿ ಆರಾಮವಾಗಿರುತ್ತದೆ. ಕೋಣೆ 40 ಆದರೆ ಅದೇ ಆಟ, ಅದೇ ಫ್ಯಾನು, ಚಿಪ್ಪು 100. ಕೋಣೆ ಏರಿದಷ್ಟು ಡಿಗ್ರಿಯೂ ಹಾಗೆಯೇ ಚಿಪ್ಪಿನ ಮೇಲೆ ಬಂದು ಕೂರುತ್ತದೆ. ಬೆಂಗಳೂರಿನಲ್ಲಿ ಚಿತ್ರ ಸಹಿತ ‘ಬಿಸಿಯೇ ಆಗುವುದಿಲ್ಲ’ ಎಂದು ಹೊಗಳಿಸಿಕೊಂಡ ಯಂತ್ರ ನಾಗಪುರದಲ್ಲಿ ಸೋಲುವುದು ಇದಕ್ಕೇ. ಲ್ಯಾಪ್‌ಟಾಪ್ ಜೊತೆ ಬರುವ ಪುಸ್ತಿಕೆಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಎಷ್ಟು ತಾಪಮಾನದ ಕೋಣೆಯಲ್ಲಿ ಬಳಸಬಹುದು ಎಂದು. ಬಹುಪಾಲು ಲ್ಯಾಪ್‌ಟಾಪುಗಳಿಗೆ ಆ ಮೇಲಿನ ಮಿತಿ 35 ಡಿಗ್ರಿ. ನಾವು ಹುಡುಗನ ಪುಸ್ತಿಕೆಯನ್ನು ಹುಡುಕಿ ತೆಗೆದೆವು, ಅದರಲ್ಲೂ 35 ಎಂದೇ ಇತ್ತು. ತಾರಸಿಯ ಕೆಳಗಿನ ಆ ರೂಮು ರಾತ್ರಿ ಹತ್ತಕ್ಕೂ 35ಕ್ಕೆ ಇಳಿಯುತ್ತಿರಲಿಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ಕಾಂಕ್ರೀಟು ರಾತ್ರಿ ನಿಧಾನವಾಗಿ ಒಳಗೆ ಬಿಡುತ್ತದೆ.

100ರಲ್ಲಿ ನಿಂತದ್ದೇಕೆ? ಚಿಪ್ಪು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ತಯಾರಕರು ನಿಗದಿ ಮಾಡಿದ ಮಿತಿ ಮುಟ್ಟಿದ ಕೂಡಲೇ ಅದು ತನ್ನ ವೇಗ ತಗ್ಗಿಸುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ಹತ್ತು ನಿಮಿಷದ ಮೇಲೆ ಆಟ ತಡವರಿಸಿದ್ದು ಫ್ಯಾನು ಕೆಟ್ಟದ್ದರಿಂದ ಅಲ್ಲ, ಚಿಪ್ಪು ಉಸಿರು ಹಿಡಿದು ನಡೆಯಲು ಶುರು ಮಾಡಿದ್ದರಿಂದ. ಈ ಬುದ್ಧಿ ಚಿಪ್ಪುಗಳಿಗೆ ಮೊದಲಿಂದ ಇರಲಿಲ್ಲ. 2001ರಲ್ಲಿ ಓಡುತ್ತಿರುವ ಕಂಪ್ಯೂಟರಿನ ಪ್ರೊಸೆಸರ್ ಮೇಲಿನ ಹೀಟ್‌ಸಿಂಕನ್ನು ಕಿತ್ತು ತೆಗೆದು ಪರೀಕ್ಷಿಸಿದ ಒಂದು ವಿಡಿಯೊ ಜಗತ್ತಿನಾದ್ಯಂತ ಓಡಾಡಿತ್ತು. ಪೆಂಟಿಯಮ್ 4 ನಿಧಾನವಾಗಿ ಓಡುತ್ತಲೇ ಇತ್ತು, ಅಥ್ಲಾನ್ ಕ್ಷಣದಲ್ಲಿ ಹೊಗೆಯಾಡಿ ಸುಟ್ಟುಹೋಯಿತು. ಇಂದಿನ ಚಿಪ್ಪು ಯಾವುದೇ ಇರಲಿ, ಹಾಗೆ ಸುಡುವುದಿಲ್ಲ. ಹುಡುಗನಿಗೆ ನಾನು ಮೊದಲು ಹೇಳಿದ್ದೂ ಇದನ್ನೇ, ಲ್ಯಾಪ್‌ಟಾಪ್ ಸಾಯುತ್ತಿಲ್ಲ. ಅವನ ಮುಖದಲ್ಲಿ ಅಮ್ಮನ ಕಂತಿನ ಭಾರ ಸ್ವಲ್ಪ ಇಳಿದದ್ದು ಕಂಡಿತು.

ಆದರೆ ಕಾವು ಎಷ್ಟೆಂಬುದನ್ನು ಅವನಿಗೆ ಅಂಕಿಯಲ್ಲೇ ತೋರಿಸಬೇಕೆನಿಸಿತು. ಇಂಥ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ ಒಂದೇ 115 ವಾಟ್ ತನಕ ಎಳೆಯಬಲ್ಲದು, ಪ್ರೊಸೆಸರ್‌ಗೆ ಇನ್ನೊಂದು 45ರಿಂದ 60, ಪರದೆ ಮುಂತಾದವು ಸೇರಿ ಒಟ್ಟು ಹತ್ತಿರ ಹತ್ತಿರ 200 ವಾಟ್. ಎಳೆದ ಕರೆಂಟೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಹಿಂದಿನ ಕಾಲದ ನೂರು ಕ್ಯಾಂಡಲ್ ಬಲ್ಬುಗಳೆರಡನ್ನು ಒಂದು ಸ್ಲೇಟಿನ ದಪ್ಪದೊಳಗೆ ಅಡಗಿಸಿಟ್ಟ ಹಾಗೆ. ಅದಕ್ಕಿಂತ ಕಷ್ಟದ ಸಂಗತಿ, ಆ 115 ವಾಟ್ ಹೊಮ್ಮುವ ಸಿಲಿಕಾನ್ ತುಣುಕು ಹೆಬ್ಬೆರಳ ಉಗುರಿನಷ್ಟು, ಸುಮಾರು ಒಂದೂವರೆ ಚದರ ಸೆಂಟಿಮೀಟರ್. ಇಸ್ತ್ರಿಪೆಟ್ಟಿಗೆ 1000 ವಾಟ್ ಇದ್ದರೂ ಅದರ ತಳ ಅಗಲ. ಒಂದು ಚದರ ಸೆಂಟಿಮೀಟರಿಗೆ ಸುಮಾರು ಐದು ವಾಟ್ ಬೀಳುತ್ತದೆ. ಚಿಪ್ಪಿನ ಮೇಲೆ ಎಪ್ಪತ್ತು ದಾಟುತ್ತದೆ.

ಅಷ್ಟು ಇಕ್ಕಟ್ಟಿನ ಕಾವನ್ನು ಹೊರಗೆ ಸಾಗಿಸುವ ಉಪಾಯ ನನಗೆ ಯಾವಾಗ ನೋಡಿದರೂ ಪ್ರೀತಿ ಹುಟ್ಟಿಸುತ್ತದೆ. ಲ್ಯಾಪ್‌ಟಾಪಿನ ತಳ ಬಿಚ್ಚಿದರೆ ಚಪ್ಪಟೆ ತಾಮ್ರದ ಕೊಳವೆಗಳು ಕಾಣುತ್ತವೆ. ಗಟ್ಟಿ ತಾಮ್ರವೆಂದು ತಿಳಿಯಬೇಡಿ, ಒಳಗೆ ಟೊಳ್ಳು. ಗಾಳಿ ತೆಗೆದು ಒಂದಿಷ್ಟು ಹನಿ ನೀರು ಹಾಕಿ ಎರಡೂ ತುದಿ ಮುಚ್ಚಿರುತ್ತಾರೆ. ಚಿಪ್ಪಿನ ತುದಿಯಲ್ಲಿ ಆ ನೀರು ಕುದಿದು ಆವಿಯಾಗುತ್ತದೆ, ಆವಿ ಫ್ಯಾನಿನ ತುದಿಗೆ ಓಡಿ ಗಂಜಿಪಾತ್ರೆಯ ಮುಚ್ಚಳದ ಅಡಿಯಲ್ಲಿ ಹನಿಗಟ್ಟಿದಂತೆ ಹನಿಗಟ್ಟುತ್ತದೆ, ತನ್ನ ಕಾವನ್ನು ಅಲ್ಲಿ ಇಳಿಸುತ್ತದೆ, ಒಳಗೋಡೆಯ ತಾಮ್ರದ ಪುಡಿಯ ಪದರ ದೀಪದ ಬತ್ತಿಯ ಹಾಗೆ ಹನಿಯನ್ನು ಹೀರಿ ಮತ್ತೆ ಚಿಪ್ಪಿನ ಕಡೆಗೆ ತರುತ್ತದೆ. ಪಂಪು ಇಲ್ಲ, ಸದ್ದು ಇಲ್ಲ. ಹೀಟ್ ಪೈಪ್ ಎಂಬ ಈ ಸಾಧನಕ್ಕೆ ಇಂದಿನ ರೂಪ ಕೊಟ್ಟವರು ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್, 1963ರಲ್ಲಿ. ಬಾಹ್ಯಾಕಾಶ ನೌಕೆಗಳ ಕೆಲಸಕ್ಕೆಂದು ಹುಟ್ಟಿದ್ದು ಈಗ ವಿದ್ಯಾರ್ಥಿಯ ಮೇಜಿನ ಮೇಲಿದೆ. ಮಣ್ಣಿನ ಹೂಜಿ, ಮೈಯ ಬೆವರು, ನಾಗಪುರದ ಕೂಲರು, ಲ್ಯಾಪ್‌ಟಾಪಿನ ಹೀಟ್ ಪೈಪ್, ನಾಲ್ಕರಲ್ಲೂ ಕೆಲಸ ಮಾಡುವುದು ನೀರು ಆವಿಯಾಗುವಾಗ ಹೊತ್ತೊಯ್ಯುವ ಕಾವೇ.

ಕೊಳವೆಗಳ ಆ ಕೊನೆಯಲ್ಲಿ ತೆಳುತಗಡುಗಳ ಸಾಲು ಇರುತ್ತದೆ, ಬಾಚಣಿಗೆಯ ಹಲ್ಲಿನಷ್ಟು ಒತ್ತೊತ್ತಾಗಿ. ಫ್ಯಾನಿನ ಗಾಳಿ ಅದರ ಸಂದಿನಿಂದ ಹೊರಗೆ ಹೋಗಬೇಕು. ಹುಡುಗನ ಯಂತ್ರವನ್ನು ಮರುದಿನ ಬೆಳಿಗ್ಗೆ ಬರ್ಡಿಗೆ, ಅಂದರೆ ಸೀತಾಬರ್ಡಿ ಮಾರುಕಟ್ಟೆಗೆ ಒಯ್ದು ಬಿಚ್ಚಿಸಿದೆವು. ಆ ತಗಡುಗಳ ಒಳಮುಖಕ್ಕೆ ಕಂಬಳಿಯ ಹಾಗೆ ಒಂದು ಪದರ ಕೂತಿತ್ತು. ಬರೀ ಮಣ್ಣಿನ ಧೂಳಾದರೆ ಅರ್ಧ ಹಾರಿಹೋಗುತ್ತದೆ. ಬಟ್ಟೆಯ ಎಳೆ, ಹಾಸಿಗೆಯ ಹತ್ತಿ, ತಲೆಗೂದಲು ಸೇರಿದರೆ ಜೇಡರ ಬಲೆಯಾಗಿ ಮಣ್ಣನ್ನೂ ಹಿಡಿದಿಡುತ್ತದೆ. ಅಂಗಡಿಯ ಹುಡುಗ ಅದನ್ನು ಚಿಮುಟದಲ್ಲಿ ಎಳೆದಾಗ ಇಡೀ ಪದರ ಒಂದೇ ತುಂಡಾಗಿ ಎದ್ದುಬಂತು. ಹಿಂದೆ ಬೇರೆಲ್ಲೋ ಒಮ್ಮೆ ಸ್ವಚ್ಛ ಮಾಡಿಸಿದ್ದನಂತೆ. ಆಗ ಹೊರಗಿನಿಂದಲೇ ಬ್ಲೋವರ್ ಹಿಡಿದು ಊದಿ ಕಳಿಸಿದ್ದರು. ಹೊರಗಿನಿಂದ ಊದಿದರೆ ಆ ಕಂಬಳಿ ತಗಡಿನಿಂದ ಕಳಚಿ ಫ್ಯಾನಿನ ಮೇಲೆ ಬೀಳುತ್ತದೆ, ಫ್ಯಾನು ತಿರುಗಿದಾಗ ಮತ್ತೆ ತಗಡಿಗೇ ಬಂದು ಕೂರುತ್ತದೆ. ತಳ ಬಿಚ್ಚಿಯೇ ತೆಗೆಯಬೇಕು. ಊದುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದಲೋ ಕಡ್ಡಿಯಿಂದಲೋ ಹಿಡಿದಿರಬೇಕು, ಇಲ್ಲದಿದ್ದರೆ ಅದು ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಸವೆಯುತ್ತದೆ. ಮತ್ತೊಂದು ಮಾತು ನಮ್ಮ ಕರಾವಳಿಯಲ್ಲಿ ಅಷ್ಟಾಗಿ ಬೇಡದ್ದು, ಅಲ್ಲಿ ಖಂಡಿತ ಬೇಕಾದದ್ದು. ಒಣಹವೆಯಲ್ಲಿ ಮೈಮೇಲೆ ಸ್ಥಾಯೀ ವಿದ್ಯುತ್ ಸೇರಿಕೊಂಡಿರುತ್ತದೆ; ಬಿಚ್ಚಿದ ಯಂತ್ರ ಮುಟ್ಟುವ ಮೊದಲು ಕಿಟಕಿಯ ಕಬ್ಬಿಣದಂಥ ಯಾವುದಾದರೂ ಲೋಹ ಮುಟ್ಟಿ ಅದನ್ನು ಕಳೆದುಕೊಳ್ಳಬೇಕು.

ಥರ್ಮಲ್ ಪೇಸ್ಟನ್ನೂ ಬದಲಿಸಿದರು. ಚಿಪ್ಪಿನ ಮುಖ, ತಾಮ್ರದ ಮುಖ ಎರಡೂ ನುಣುಪಾಗಿ ಕಂಡರೂ ಕಣ್ಣಿಗೆ ಕಾಣದ ಏರುತಗ್ಗುಗಳಿರುತ್ತವೆ. ನಡುವೆ ಗಾಳಿ ಉಳಿದರೆ ಅದು ಶಾಖಕ್ಕೆ ಗೋಡೆ. ಆ ಸಂದು ತುಂಬಲೆಂದೇ ಪೇಸ್ಟು. ಅದು ತಾಮ್ರಕ್ಕಿಂತ ಎಷ್ಟೋ ಕೀಳು ವಾಹಕ, ಗಾಳಿಗಿಂತ ನೂರಾರು ಪಟ್ಟು ಮೇಲು. ಆದ್ದರಿಂದ ಸಂದು ತುಂಬುವಷ್ಟು ಸಾಕು, ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಬೇಡ. ವರ್ಷಗಟ್ಟಲೆ ಕಾದು ಆರಿ ಕಾದು ಆರಿ ಪೇಸ್ಟು ಬದಿಗೆ ಸರಿಯುತ್ತದೆ, ಒಣಗುತ್ತದೆ. ಲಿಕ್ವಿಡ್ ಮೆಟಲ್ ಎಂಬ ಗ್ಯಾಲಿಯಂ ಮಿಶ್ರಲೋಹ ಇನ್ನೂ ಚೆನ್ನಾಗಿ ಶಾಖ ದಾಟಿಸುತ್ತದೆ ಎಂದು ಹುಡುಗರು ಆಸೆಪಡುತ್ತಾರೆ. ಅದು ವಿದ್ಯುತ್ತನ್ನೂ ಹರಿಸುತ್ತದೆ, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಒಂದು ಹನಿ ಪಕ್ಕಕ್ಕೆ ಸರಿದರೆ ಬೋರ್ಡೇ ಹೋದೀತು. ಮನೆಯಲ್ಲಿ ಅದರ ಸಹವಾಸ ಬೇಡ.

ಹಾದಿ ತೆರವಾಯಿತು. ಇನ್ನು ಕಾವು ಹುಟ್ಟುವುದನ್ನೇ ತಗ್ಗಿಸುವುದು. ನನ್ನ ಅನುಭವದಲ್ಲಿ ದುಡ್ಡಿಲ್ಲದೆ ಅತಿ ಹೆಚ್ಚು ಫಲ ಕೊಡುವುದು ಇದೇ, ಜನ ಅತಿ ಕಡಿಮೆ ಮಾಡುವುದೂ ಇದನ್ನೇ. ಹುಡುಗನ ಪರದೆ ಸೆಕೆಂಡಿಗೆ 144 ಚಿತ್ರ ತೋರಿಸಬಲ್ಲದು. ಆದ್ದರಿಂದ ಗ್ರಾಫಿಕ್ಸ್ ಚಿಪ್ಪು ಪ್ರತಿ ಸೆಕೆಂಡಿಗೆ ಅಷ್ಟು ಚಿತ್ರ ಬರೆಯಲು ಒದ್ದಾಡುತ್ತದೆ. ಆಟದ ಸೆಟ್ಟಿಂಗಿನಲ್ಲಿ ಅದನ್ನು 60ಕ್ಕೆ ಕಟ್ಟಿಹಾಕಿದರೆ ಕೆಲಸ ಅರ್ಧಕ್ಕಿಂತ ಕಡಿಮೆ. ಕಥೆಯ ಆಟಗಳಿಗೆ 60 ಧಾರಾಳ. ಗುಂಡು ಹಾರಿಸುವ ಸ್ಪರ್ಧೆಯ ಆಟವಾದರೆ 90 ಇರಲಿ ಎಂದು ನಾವು ಒಪ್ಪಂದ ಮಾಡಿಕೊಂಡೆವು. ಪ್ರೊಸೆಸರ್ ಕಡೆಯಲ್ಲಿ ಲೆಕ್ಕ ಇನ್ನೂ ಲಾಭದ್ದು. ಚಿಪ್ಪು ನುಂಗುವ ಶಕ್ತಿ ಅದರ ವೇಗದ ಜೊತೆ ನೇರವಾಗಿ, ವೋಲ್ಟೇಜಿನ ಜೊತೆ ವರ್ಗವಾಗಿ ಏರುತ್ತದೆ. ವೇಗ ತಗ್ಗಿದರೆ ವೋಲ್ಟೇಜೂ ತಗ್ಗಬಹುದು. ಎರಡನ್ನೂ ಹತ್ತು ಹತ್ತು ಶೇಕಡ ಇಳಿಸಿ ಗುಣಿಸಿ ನೋಡಿ, ಶಾಖ ಹೆಚ್ಚುಕಡಿಮೆ ಕಾಲು ಭಾಗ ಇಳಿಯುತ್ತದೆ. ಕೊನೆಯ ಹತ್ತು ಶೇಕಡ ವೇಗಕ್ಕಾಗಿ ಕಾಲು ಭಾಗ ಕಾವನ್ನು ನಾವು ಸುಮ್ಮನೆ ಸಹಿಸುತ್ತಿದ್ದೇವೆ ಎಂದಾಯಿತು.

ಇಳಿಸುವ ದಾರಿ ಸುಲಭ. ಗೇಮಿಂಗ್ ಲ್ಯಾಪ್‌ಟಾಪಿನ ಜೊತೆ ಬರುವ ತಂತ್ರಾಂಶದಲ್ಲಿ ಟರ್ಬೋ ಬಿಟ್ಟು ಬ್ಯಾಲೆನ್ಸ್ಡ್ ಆರಿಸಬಹುದು. ವಿಂಡೋಸ್‌ನ ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಅನೇಕ ಯಂತ್ರಗಳಲ್ಲಿ ಬೂಸ್ಟ್ ಎಂಬ ಹೆಚ್ಚುವರಿ ನೆಗೆತ ನಿಲ್ಲುತ್ತದೆ. ಒಂದೇ ಅಂಕಿ ಇಳಿಸಿದ್ದಕ್ಕೆ ಹತ್ತು ಹದಿನೈದು ಡಿಗ್ರಿ ಇಳಿದದ್ದನ್ನು ನಾವು ಆ ಸಂಜೆ ಕಣ್ಣಾರೆ ಕಂಡೆವು. ವೋಲ್ಟೇಜು ಮಾತ್ರ ಇಳಿಸುವ ಅಂಡರ್‌ವೋಲ್ಟಿಂಗ್ ಕೂಡ ಒಳ್ಳೆಯ ದಾರಿಯೇ. ಆದರೆ 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಇಂಟೆಲ್ ಚಿಪ್ಪಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಬಾಗಿಲು ಮುಚ್ಚಿದೆ. ತೆರೆದಿದ್ದರೆ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಇಳಿಸಿ ನೋಡಬಹುದು.

ಈಗ ಕೋಣೆ. ನಾಗಪುರಕ್ಕೆ ಇದರಲ್ಲಿ ಹಳೆಯ ಅನುಭವವಿದೆ. 1877ರ ಜನವರಿ 1ರಂದು ಜಮ್‌ಶೆಟ್‌ಜಿ ಟಾಟಾ ಇಲ್ಲಿ ಎಂಪ್ರೆಸ್ ಮಿಲ್ ತೆರೆದರು. ಒಣಹವೆಯಲ್ಲಿ ಹತ್ತಿಯ ನೂಲು ಪಟಪಟನೆ ತುಂಡಾಗುತ್ತದೆ. ಗಿರಣಿಯೊಳಗಿನ ಗಾಳಿಗೆ ತೇವ ಕೊಡುವ ಯಂತ್ರಗಳನ್ನು ಅವರು ತರಿಸಿ ಕೂರಿಸಿದ್ದರು. ಯಂತ್ರಕ್ಕೆ ಒಪ್ಪುವ ಗಾಳಿ ಒದಗಿಸಬೇಕೆಂಬ ಯೋಚನೆ ಈ ಊರಿಗೆ ಹೊಸದಲ್ಲ. ಇಂದು ವಿದರ್ಭದ ಮನೆಮನೆಯ ಕಿಟಕಿಯಲ್ಲೂ ತಗಡಿನ ದೊಡ್ಡ ಕೂಲರು ಕೂತಿರುತ್ತದೆ. ಮೂರು ಬದಿಗೆ ಮರದ ಎಳೆಯ ಹಾಸು ಅಥವಾ ಲಾವಂಚದ ತಟ್ಟಿ, ಮೇಲಿಂದ ಜಿನುಗುವ ನೀರು, ನಡುವೆ ಫ್ಯಾನು. ಲಾವಂಚಕ್ಕೆ ಅಲ್ಲಿ ವಾಳಾ ಎನ್ನುತ್ತಾರೆ. ನಮ್ಮ ಮುಡಿವಾಳದ ವಾಳವೇ. ಹುಡುಗನ ರೂಮಿನಲ್ಲೂ ಕೂಲರಿತ್ತು. ಮಾಲೀಕರು ಇಟ್ಟಿದ್ದು. ಅವನು ಹಾಕುತ್ತಲೇ ಇರಲಿಲ್ಲ. ತೇವದ ಗಾಳಿ ಲ್ಯಾಪ್‌ಟಾಪಿಗೆ ಕೆಟ್ಟದ್ದು ಎಂಬ ಭಯ, ಅದಕ್ಕಿಂತ ಹೆಚ್ಚಾಗಿ ಊರಿನ ನೆನಪು. ಪುತ್ತೂರಿನಲ್ಲಿ ಅವನ ತಂದೆ ಒಮ್ಮೆ ಕೂಲರ್ ತಂದಿದ್ದರು, ಕೋಣೆ ಇನ್ನಷ್ಟು ಸೆಕೆಯಾಗಿ ಅದು ಅಟ್ಟ ಸೇರಿತ್ತು.

ಎರಡು ಊರಿನ ವ್ಯತ್ಯಾಸ ಗಾಳಿಯ ತೇವದಲ್ಲಿದೆ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆವಿಯಾಗುತ್ತದೆ, ಅಷ್ಟು ತಂಪು. 44 ಡಿಗ್ರಿ ಬಿಸಿಯ, ಶೇಕಡ 15 ತೇವದ ನಾಗಪುರದ ಗಾಳಿಯನ್ನು ಒದ್ದೆ ಹಾಸಿನ ಮೂಲಕ ಎಳೆದರೆ ಲೆಕ್ಕದ ಪ್ರಕಾರ ಅದು 23ರ ತನಕವೂ ಇಳಿಯಬಲ್ಲದು. ಕಿಟಕಿಯ ಕೂಲರು ಅಷ್ಟು ಪರಿಪೂರ್ಣವಲ್ಲ, 28ರಿಂದ 30ಕ್ಕೆ ಇಳಿಸುತ್ತದೆ. ಮಂಗಳೂರಿನ 34 ಡಿಗ್ರಿಯ, ಶೇಕಡ 70 ತೇವದ ಗಾಳಿ ಎಷ್ಟೇ ಒದ್ದೆ ಮಾಡಿದರೂ 29ರ ಕೆಳಗೆ ಇಳಿಯದು, ಬರುವಾಗ ಮೈಗೆ ಅಂಟುವ ತೇವವನ್ನೂ ತರುತ್ತದೆ. ಅಪ್ಪನ ಕೂಲರು ಪುತ್ತೂರಿನಲ್ಲಿ ಸೋತದ್ದೂ ಸರಿ, ನಾಗಪುರದಲ್ಲಿ ಅದೇ ಗೆಲ್ಲುವುದೂ ಸರಿ. ಲ್ಯಾಪ್‌ಟಾಪಿನ ಒಳಗೆ ಇಬ್ಬನಿ ಕಟ್ಟುವ ಭಯವೂ ಬೇಡ. ಇಬ್ಬನಿ ಕಟ್ಟುವುದು ಗಾಳಿಗಿಂತ ತಣ್ಣಗಿರುವ ವಸ್ತುವಿನ ಮೇಲೆ. ಓಡುತ್ತಿರುವ ಲ್ಯಾಪ್‌ಟಾಪು ಯಾವಾಗಲೂ ಗಾಳಿಗಿಂತ ಬಿಸಿ. ಬೇಕಾದ ಎಚ್ಚರ ಎರಡೇ. ಕೂಲರಿನ ಬಾಯಿಗೆ ನೇರ ಎದುರು ಇಡಬಾರದು, ಸಿಡಿಯುವ ಸಣ್ಣ ಹನಿಗಳು ಆರಿ ಒಳಗೆ ಬಿಳಿ ಉಪ್ಪು ಬಿಡುತ್ತವೆ. ಎದುರಿನ ಕಿಟಕಿಯೋ ಬಾಗಿಲೋ ಒಂದಿಷ್ಟು ತೆರೆದಿರಬೇಕು. ಮುಚ್ಚಿದರೆ ಕೋಣೆಯೊಳಗೆ ತೇವ ತುಂಬಿ ಕೂಲರು ಪುತ್ತೂರಿನ ಕೂಲರಾಗುತ್ತದೆ. ಒಂದು ಲೆಕ್ಕ ಹುಡುಗನಿಗೆ ಬಹಳ ಹಿಡಿಸಿತು. ಲ್ಯಾಪ್‌ಟಾಪಿನ 200 ವಾಟ್ ಕಾವೊಂದನ್ನೇ ಸರಿದೂಗಿಸಲು ಗಂಟೆಗೆ ಸುಮಾರು 300 ಮಿಲಿಲೀಟರ್ ನೀರು ಆವಿಯಾಗಬೇಕು. ಒಂದು ದೊಡ್ಡ ಲೋಟ.

ಬರ್ಫದ ಪೊಟ್ಟಣ ಇಡುವ, ಫ್ರಿಜ್ಜಿನಲ್ಲಿ ಇಟ್ಟು ತೆಗೆಯುವ ಉಪಾಯಗಳನ್ನು ಅವನ ಗೆಳೆಯರು ಹೇಳಿದ್ದರಂತೆ. ಅಲ್ಲಿ ನಿಜವಾಗಿ ಇಬ್ಬನಿ ಕಟ್ಟುತ್ತದೆ, ಬೋರ್ಡು ತೊಯ್ಯುತ್ತದೆ. ಹಾಸಿಗೆಯ ಮೇಲೆ ಇಟ್ಟು ಆಡುವುದೂ ಬೇಡ. ಗಾಳಿ ಎಳೆಯುವ ಕಂಡಿಗಳು ತಳದಲ್ಲಿರುತ್ತವೆ. ಹಿಂಭಾಗದ ಎರಡು ಮೂಲೆಗೆ ಬಾಟಲಿಯ ಮುಚ್ಚಳ ಇಟ್ಟು ಬೆರಳಗಲ ಎತ್ತಿದರೆ ಅಂಗಡಿಯ ಕೂಲಿಂಗ್ ಪ್ಯಾಡ್ ಕೊಡುವ ಲಾಭದ ಒಳ್ಳೆಯ ಪಾಲು ಸಿಗುತ್ತದೆ.

ಬ್ಯಾಟರಿಯ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಚಿಪ್ಪಿಗೆ 90 ಸಹ್ಯ, ಲಿಥಿಯಂ ಬ್ಯಾಟರಿಗೆ 45 ಕೂಡ ಕಷ್ಟ. ಕಾವೂ ಪೂರ್ತಿ ಚಾರ್ಜೂ ಒಟ್ಟಿಗೆ ಇದ್ದರೆ ಅದು ಬೇಗ ಮುಪ್ಪಾಗುತ್ತದೆ, ಒಳಗೆ ಅನಿಲ ಹುಟ್ಟಿ ಉಬ್ಬುತ್ತದೆ. ಸದಾ ಚಾರ್ಜರಿಗೆ ಸಿಕ್ಕಿಸಿ ಆಡುವವರು 80 ಶೇಕಡಕ್ಕೆ ಚಾರ್ಜು ನಿಲ್ಲಿಸುವ ಸೌಲಭ್ಯ ಹಾಕಿಕೊಳ್ಳಬೇಕು. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಅದಿದೆ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಬ್ಯಾಟರಿ ಉಬ್ಬಿದೆ ಎಂದು ಅರ್ಥ. ಒತ್ತಬಾರದು, ಚುಚ್ಚಬಾರದು, ಚಾರ್ಜು ಮಾಡಬಾರದು, ಆರಿಸಿ ಸರ್ವಿಸ್ ಸೆಂಟರಿಗೆ ಒಯ್ಯಬೇಕು. ಮುಚ್ಚಳ ಮುಚ್ಚಿ ನಿದ್ದೆಗೆ ಹಾಕಿ ಬ್ಯಾಗಿಗೆ ತುರುಕಿ ಬಿಸಿಲಲ್ಲಿ ಸ್ಕೂಟರ್ ಏರುವ ಅಭ್ಯಾಸವೂ ಬಿಡಬೇಕಾದದ್ದು. ಇಂದಿನ ಲ್ಯಾಪ್‌ಟಾಪುಗಳು ನಿದ್ದೆಯಲ್ಲೂ ಆಗಾಗ ಎಚ್ಚರಗೊಂಡು ಕೆಲಸ ಮಾಡುತ್ತವೆ, ಬ್ಯಾಗಿನೊಳಗೆ ಬೇಯುತ್ತವೆ. ಶಟ್‌ಡೌನ್ ಮಾಡಿಯೇ ಒಯ್ಯಬೇಕು.

ತೊಡೆಯ ಮೇಲೆ ಇಟ್ಟುಕೊಳ್ಳುವುದಕ್ಕೂ ಒಂದು ಕಥೆ ಇದೆ. ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2010ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು 12 ವರ್ಷದ ಹುಡುಗನೊಬ್ಬನ ವಿವರ ಬರೆದರು. ತಿಂಗಳುಗಟ್ಟಲೆ ದಿನಾ ಕೆಲವು ಗಂಟೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಡಿ ಅವನ ಎಡತೊಡೆಯ ಚರ್ಮದಲ್ಲಿ ಬಲೆಯಂಥ ಕಂದು ಗುರುತು ಮೂಡಿತ್ತು. ಒಲೆಯ ಮುಂದೆ ವರ್ಷಗಟ್ಟಲೆ ಕೂತವರಲ್ಲಿ ವೈದ್ಯರು ಹಿಂದೆ ನೋಡುತ್ತಿದ್ದ ಗುರುತು ಅದು.

ಮೂರು ದಿನ ಇಷ್ಟೆಲ್ಲ ಮಾಡುತ್ತ ನನ್ನ ಕಣ್ಣು ಮಾತ್ರ ಹುಡುಗನ ಮೇಲೇ ಇತ್ತು. ಕೂಲರ್ ಹಾಕದೆ, ಕಿಟಕಿ ಮುಚ್ಚಿ, 39 ಡಿಗ್ರಿಯಲ್ಲಿ ಟೇಬಲ್ ಫ್ಯಾನನ್ನು ಲ್ಯಾಪ್‌ಟಾಪಿನ ಕಡೆ ತಿರುಗಿಸಿ ಅವನು ಗಂಟೆಗಟ್ಟಲೆ ಕೂತಿರುತ್ತಿದ್ದ. ಲ್ಯಾಪ್‌ಟಾಪಿಗೆ ಅದು ನೆರವೇ. ನೂರು ಡಿಗ್ರಿಯ ಚಿಪ್ಪಿಗೆ 44ರ ಗಾಳಿಯೂ ತಂಗಾಳಿ. ಮನುಷ್ಯನ ಮೈ 37. ಕೋಣೆ 40 ದಾಟಿದರೆ ಫ್ಯಾನಿನ ಗಾಳಿ ಮೈಯ ಕಾವನ್ನು ಒಯ್ಯುವ ಬದಲು ಮೈಗೆ ಕಾವು ತುಂಬುತ್ತದೆ; 40ರ ಮೇಲೆ ಫ್ಯಾನನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಚಿಪ್ಪಿಗೆ 100ರಲ್ಲಿ ತನ್ನಷ್ಟಕ್ಕೆ ನಿಧಾನವಾಗುವ ಬುದ್ಧಿಯನ್ನು ಇಂಜಿನಿಯರುಗಳು ಕೊಟ್ಟಿದ್ದಾರೆ. ಇಪ್ಪತ್ತು ವರ್ಷದ ಹುಡುಗ ಆಟದ ನಡುವೆ ತಲೆನೋವನ್ನೂ ಬಾಯಾರಿಕೆಯನ್ನೂ ತಳ್ಳಿಬಿಡುತ್ತಾನೆ. ಸುಮ್ಮನೆ ಕೂತ ಮನುಷ್ಯನೂ ಸುಮಾರು 100 ವಾಟ್ ಕಾವು ಬಿಡುತ್ತಾನೆ. ಆ ಕೋಣೆಯಲ್ಲಿ ಅದಷ್ಟನ್ನೂ ಬೆವರಿನಿಂದಲೇ ಕಳೆಯಬೇಕು, ಗಂಟೆಗೆ ಹತ್ತಿರ ಹತ್ತಿರ 150 ಮಿಲಿಲೀಟರ್. ಕಣ್ಣಿಗೆ ಬೆವರೇ ಕಾಣದ ಊರಿನಲ್ಲಿ ಅಷ್ಟು ನೀರು ಹೋಗುತ್ತಿದೆ ಎಂದು ಕರಾವಳಿಯ ಹುಡುಗನಿಗೆ ಯಾರು ಹೇಳಬೇಕು? ನಾಗಪುರದವರಿಗೆ ಇದು ರಕ್ತದಲ್ಲೇ ಗೊತ್ತು. ಮಾವಿನಕಾಯಿಯ ಪನ್ಹ ಕುಡಿಯುತ್ತಾರೆ, ಮಧ್ಯಾಹ್ನ ಕದ ಹಾಕಿ ಮಲಗುತ್ತಾರೆ, ಕೆಲಸವನ್ನು ಬೆಳಗಿಗೂ ಇಳಿಸಂಜೆಗೂ ಸರಿಸುತ್ತಾರೆ. ಹುಡುಗ ತನ್ನ ಸಿಮ್ಯುಲೇಶನ್‌ಗಳನ್ನು ಬೆಳಗಿನ ಐದಕ್ಕೆ ಹಚ್ಚಲು ಒಪ್ಪಿದ, ಕೂಲರ್ ಹಾಕಲು ಒಪ್ಪಿದ, ಮೇಜಿನ ಮೇಲೆ ಥರ್ಮಾಮೀಟರಿನ ಪಕ್ಕ ಒಂದು ಹೂಜಿ ಇಟ್ಟುಕೊಂಡ. ನಾನು ಹೊರಡುವ ಸಂಜೆ ಕೋಣೆ 30, ಅದೇ ಆಟದಲ್ಲಿ ಪ್ರೊಸೆಸರ್ 81. ಫ್ಯಾನಿನ ಕೂಗು ಪಕ್ಕದ ರೂಮಿಗೆ ಕೇಳುತ್ತಿರಲಿಲ್ಲ.

ಜೂನ್ ಮೂರನೇ ವಾರ ಮತ್ತೆ ಫೋನು. “ಮಾವ, ಕೂಲರ್ ಕೆಟ್ಟಿತು ಅಂತ ಕಾಣ್ತದೆ. ನೀರೂ ಉಂಟು, ಫ್ಯಾನೂ ತಿರುಗ್ತದೆ, ತಂಪೇ ಇಲ್ಲ. ಮೈಯೆಲ್ಲ ಅಂಟು.” ಹೊರಗೆ ಮಳೆ ಬಂತಾ ಎಂದು ಕೇಳಿದೆ. ಎರಡು ದಿನದಿಂದ ಸುರೀತಾ ಉಂಟು, ರೂಮು 31 ಅಂದ. ಹಾಗಾದರೆ ಕೂಲರ್ ಕೆಟ್ಟಿಲ್ಲ ಮಗಾ, ಅದಕ್ಕೆ ಬೇಕಾದ ಒಣಗಾಳಿ ಮುಗಿಯಿತು. ನೀರಿನ ಪಂಪು ಆರಿಸು, ತಟ್ಟಿ ಬಿಚ್ಚಿ ಒಣಗಿಸು, ಎರಡೂ ಕಿಟಕಿ ತೆರೆದು ಬರೀ ಫ್ಯಾನು ಹಾಕಿಕೋ ಎಂದೆ. ಆ ಬದಿಯಲ್ಲಿ ಪಂಪಿನ ಸ್ವಿಚ್ಚು ಟಕ್ಕೆಂದದ್ದು, ಕಿಟಕಿ ತೆರೆದದ್ದು, ಮಳೆಯ ಸದ್ದು ಒಳಗೆ ಬಂದದ್ದು ಕೇಳಿಸಿತು.